ಉಣುಗು ಹಿಡಿಯುವ ಕೆಲಸಕ್ಕೆ ಸೇರಲೋ, ಎಂ.ಎಸ್ಸಿ. ಓದಲೋ?

ಪ್ರಶ್ನೆ: "ಮೇಡಂ, ನಮ್ಮದು ಹೊಸನಗರ ತಾಲ್ಲೂಕು, ನಾವು ಹಸಲರು, ಪರಿಶಿಷ್ಟ ಪಂಗಡದವರು. ಅಪ್ಪ ಅಮ್ಮ ಅಡಿಕೆ ತೋಟದ ಕೂಲಿಗೆ ಹೋಗುತ್ತಾರೆ, ಕಾಡಿನಿಂದ ದರಕು (ಒಣಗಿ ಬಿದ್ದ ಎಲೆ) ಗುಡಿಸಿ ಹೊರುತ್ತಾರೆ. ನಾನು ಈ ವರ್ಷ ಬಿ.ಎಸ್ಸಿ. ಮುಗಿಸಿದೆ. ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಓದಿದ್ದು, 68% ಬಂದಿದೆ. ನಮ್ಮ ಕೇರಿಯಲ್ಲಿ ಒಬ್ಬರು ಮಂಗನ ಕಾಯಿಲೆಯಿಂದ ತೀರಿಕೊಂಡರು. ಅವತ್ತಿನಿಂದ ಈ ಕಾಯಿಲೆ ಮೇಲೇ ಸಂಶೋಧನೆ ಮಾಡಬೇಕು ಅನ್ನಿಸಿದೆ. ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಹಿಡಿಯಲು ಕಾಡಿಗೆ ಬರುವ ಒಂದು ತಂಡದವರು 11 ತಿಂಗಳ ಫೀಲ್ಡ್ ಅಸಿಸ್ಟೆಂಟ್ ಕೆಲಸ ಕೊಡುತ್ತೇವೆ ಅಂದಿದ್ದಾರೆ, ತಿಂಗಳಿಗೆ 18,000 ರೂಪಾಯಿ. ಶಂಕರಘಟ್ಟದಲ್ಲಿ ಎಂ.ಎಸ್ಸಿ. ಸೀಟೂ ಸಿಗುವ ಹಾಗಿದೆ. ಅಪ್ಪ ಕೆಲಸಕ್ಕೆ ಸೇರು ಅನ್ನುತ್ತಾರೆ. ಕಾಲೇಜಿನ ಸರ್ ಒಬ್ಬರು 'ಎಂಬಿಬಿಎಸ್ ಮಾಡದವರಿಗೆ ಕಾಯಿಲೆ ಸಂಶೋಧನೆಯಲ್ಲಿ ಜಾಗ ಇಲ್ಲ, ಬಿ.ಎಡ್. ಮಾಡು' ಅಂದರು. ನಾನೇ ಕಾಯಿಲೆಯನ್ನು ಮನೆಗೆ ತಂದುಬಿಡುತ್ತೇನೆ ಅಂತ ಅಮ್ಮನಿಗೆ ಭಯ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ. ನಮ್ಮಂಥವರು ಯಾರಾದರೂ ಈ ದಾರಿಯಲ್ಲಿ ಹೋಗಿದ್ದಾರಾ? ಏನು ಮಾಡಲಿ?"

ಉತ್ತರ: ಪತ್ರದಲ್ಲಿ ಐದಾರು ಪ್ರಶ್ನೆ ಇದ್ದರೂ ತಳದಲ್ಲಿರುವ ಆತಂಕ ಒಂದೇ. ಕೈಗೆ ಬರುತ್ತಿರುವ 18,000 ಬಿಟ್ಟು ಓದಿಗೆ ಹೋಗಿ, ಕೊನೆಗೆ ಅದೂ ಇಲ್ಲ ಇದೂ ಇಲ್ಲ ಅಂತಾದರೆ? ಈ ಆತಂಕ ಸುಳ್ಳಲ್ಲ. ಆದ್ದರಿಂದ "ಕನಸು ಬಿಡಬೇಡಿ" ಅಂತ ಬರೆದು ಕೈತೊಳೆದುಕೊಳ್ಳುವುದಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಸೀಟು ಈ ವರ್ಷವೇ ಸಿಕ್ಕರೆ ಎಂ.ಎಸ್ಸಿ.ಗೆ ಸೇರಿ. ಸೀಟು ತಪ್ಪಿದರೆ ಮಾತ್ರ ಆ ಕೆಲಸ ಹಿಡಿಯಿರಿ, ಅದೂ ಒಂದೇ ಒಂದು ಅವಧಿಗೆ, ಕೆಳಗೆ ಹೇಳುವ ಷರತ್ತುಗಳ ಮೇಲೆ.

ಎಂಬಿಬಿಎಸ್ ಮಾತಿನಿಂದ ಶುರುಮಾಡೋಣ. ನಿಮ್ಮ ಸರ್ ಹೇಳಿದ್ದು ರೋಗಿಗೆ ಔಷಧ ಬರೆಯುವ ಕೆಲಸಕ್ಕೆ ಸರಿ, ಸಂಶೋಧನೆಗೆ ಅಲ್ಲ. ಮಂಗನ ಕಾಯಿಲೆಯ ಚರಿತ್ರೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು, ಜನಕ್ಕೂ ಜ್ವರ ಬಂತು. ಎರಡಕ್ಕೂ ಸಂಬಂಧ ಇದೆ ಎಂದು ಮೊದಲು ಕಂಡುಕೊಂಡವರು ಊರಿನವರೇ. ಅದಕ್ಕೇ ಕಾಯಿಲೆಗೆ ಆ ಹೆಸರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಬಂದ ತಂಡಕ್ಕೆ ಮೊದಲು ಹಳದಿ ಜ್ವರದ ಅನುಮಾನವಿತ್ತು. ವೈರಸ್ ಸಿಕ್ಕ ಮೇಲೆ ಅದು ರಷ್ಯಾದ ಕಡೆಯ ಉಣುಗಿನ ಮೆದುಳುಜ್ವರದ ವೈರಸ್‌ಗೆ ಹತ್ತಿರದ್ದು ಎಂದು ಗೊತ್ತಾಯಿತು. ಆ ತಂಡದಲ್ಲಿ ವೈದ್ಯರಿದ್ದರು. ಆದರೆ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗಿನ ಕಡೆಗೆ ಬೊಟ್ಟು ಮಾಡಿದ್ದು ಕೀಟ, ಪ್ರಾಣಿಗಳನ್ನು ಬಲ್ಲವರ ಕೆಲಸ. ಆ ಕೇಂದ್ರವೇ ಮುಂದೆ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ, ಅಂದರೆ ಎನ್‌ಐವಿ ಆಯಿತು. ಕೀಟಶಾಸ್ತ್ರಜ್ಞ ಟಿ. ರಾಮಚಂದ್ರರಾವ್ ಆ ಕೇಂದ್ರದ ನಿರ್ದೇಶಕರೇ ಆಗಿದ್ದರು. ಇವತ್ತಿಗೂ ಒಂದು ತಂಡಕ್ಕೆ ಉಣುಗಿನ ಜಾತಿ ಗುರುತಿಸುವವರು, ವೈರಸ್ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ನಡೆಸುವವರು, ಪಶುವೈದ್ಯರು, ನಕ್ಷೆ ಮತ್ತು ಲೆಕ್ಕ ನೋಡುವವರು, ಜನರ ಜೊತೆ ಕೂತು ಮಾತಾಡಬಲ್ಲವರು ಎಲ್ಲರೂ ಬೇಕು. ಬಿ.ಎಡ್. ಒಳ್ಳೆಯ ದಾರಿಯೇ, ಆದರೆ ಬೇರೆ ದಾರಿ ಮುಚ್ಚಿದೆ ಅನ್ನುವ ಕಾರಣಕ್ಕೆ ಅದನ್ನು ಹಿಡಿಯಬೇಡಿ.

ಇನ್ನು ಆ ಕೆಲಸದ ವಿಷಯ.

ಸಂಶೋಧನೆಯಲ್ಲಿ ದಾರಿ ತೋರಿಸುವವರು ಬೇರೆ, ಪ್ರಶ್ನೆ ಕೇಳುವವರು ಬೇರೆ ಎಂಬ ಒಂದು ಮೇಲು-ಕೆಳಗು ಹಿಂದಿನಿಂದಲೂ ಇದೆ. ಯಾವ ಗುಡ್ಡದಲ್ಲಿ ಮಂಗ ಸತ್ತಿದೆ, ಯಾವ ಮನೆಯವರು ಯಾವ ಕಾಡಿಗೆ ದರಕಿಗೆ ಹೋಗುತ್ತಾರೆ, ದನ ಎಲ್ಲಿ ಮೇಯುತ್ತದೆ ಎಂಬುದೆಲ್ಲ ನಿಮಗೆ ಗೊತ್ತು. ಅದು ಬರೀ ಊರಿನ ಸುದ್ದಿ ಅಂತ ನೀವು ಅಂದುಕೊಂಡಿರಬಹುದು. ಅದು ದತ್ತಾಂಶ. ವೈರಸ್ಸನ್ನು ಮನುಷ್ಯರಿಗೆ ದಾಟಿಸುವುದು ಹೆಚ್ಚಾಗಿ ಮರಿ ಉಣುಗು. ಅದರ ಕಾಲ ನವೆಂಬರ್‌ನಿಂದ ಮೇವರೆಗೆ, ಜನವರಿಯಿಂದ ಜೋರು. ದರಕು ಗುಡಿಸುವ ಕಾಲವೂ ಅದೇ. ಸತ್ತ ಮಂಗದ ಮೈಯಿಂದ ಇಳಿದ ಉಣುಗು ಆ ದರಕಿನಲ್ಲೇ ಇರುತ್ತದೆ. ಈ ಎರಡು ಕ್ಯಾಲೆಂಡರ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಬಲ್ಲವರು ನಿಮ್ಮ ಮನೆಯಲ್ಲೇ ಇದ್ದಾರೆ. ಫೀಲ್ಡ್ ಅಸಿಸ್ಟೆಂಟ್ ಆಗಿ ಸೇರಿದರೆ ಈ ತಿಳಿವಳಿಕೆ ನಿಮ್ಮಿಂದ ತಂಡಕ್ಕೆ ಹೋಗುತ್ತದೆ. ತಿರುಗಿ ಏನು ಬರುತ್ತದೆ ಎಂಬುದು ಆ ತಂಡ ಎಂಥದ್ದು ಎಂಬುದರ ಮೇಲೆ ನಿಂತಿದೆ.

ಕಲಿಸುವ ತಂಡವಾದರೆ 11 ತಿಂಗಳಲ್ಲಿ ಕಲಿಯುವುದು ಸಾಕಷ್ಟಿದೆ. ಹೊರಗಿನಿಂದ ನೋಡಿದರೆ ಉಣುಗು ಹಿಡಿಯುವುದೆಂದರೆ ಬಟ್ಟೆ ಎಳೆಯುವ ಕೆಲಸ, ಅಷ್ಟೇ. ಸುಮಾರು ಒಂದು ಮೀಟರ್ ಅಗಲದ ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ನೆಲ, ತರಗೆಲೆ, ಮೊಣಕಾಲೆತ್ತರದ ಪೊದೆಗಳ ಮೇಲೆ ನಿಧಾನ ಎಳೆಯುವುದು. ಹತ್ತು ಮೀಟರ್‌ಗೊಮ್ಮೆ ನಿಂತು ಎರಡೂ ಬದಿ ನೋಡಿ, ಅಂಟಿದ್ದನ್ನು ಚಿಮಟದಿಂದ ಎತ್ತಿ ಟ್ಯೂಬಿಗೆ ಹಾಕುವುದು. ಕೆಡುವುದು ಸಣ್ಣ ವಿಷಯಗಳಲ್ಲಿ. ಬೆಳಗಿನ ಇಬ್ಬನಿ ಆರುವ ಮುಂಚೆ ಹೋದರೆ ಬಟ್ಟೆ ಒದ್ದೆಯಾಗಿ ಉಣುಗು ಹತ್ತುವುದೇ ಇಲ್ಲ. ಆಮೇಲೆ ಆ ಜಾಗದಲ್ಲಿ ಉಣುಗೇ ಇಲ್ಲ ಅಂತ ಪುಸ್ತಕದಲ್ಲಿ ಬರೆದುಬಿಡುತ್ತಾರೆ. ಇಪ್ಪತ್ತು ಮೀಟರಿಗೊಮ್ಮೆ ನೋಡಿದರೆ ಹತ್ತಿದ್ದರಲ್ಲಿ ಎಷ್ಟೋ ಉದುರಿಹೋಗಿರುತ್ತವೆ. ಟ್ಯೂಬಿನ ಮೇಲೆ ಮಾಮೂಲಿ ಪೆನ್ನಲ್ಲಿ ಬರೆದರೆ ಸ್ಪಿರಿಟ್ ತಾಗಿ ಅಳಿಸುತ್ತದೆ. ಪೆನ್ಸಿಲಲ್ಲಿ ಬರೆದ ಚೀಟಿಯನ್ನು ಟ್ಯೂಬಿನ ಒಳಗೇ ಹಾಕಬೇಕು. ಎಷ್ಟು ಹೊತ್ತು, ಎಷ್ಟು ಮೀಟರ್ ಎಳೆದರು ಎಂದು ಬರೆಯದಿದ್ದರೆ, ಸಿಕ್ಕ 40 ಉಣುಗಿಗೂ ಅರ್ಥವಿಲ್ಲ, ಸಿಗದ ಸೊನ್ನೆಗೂ ಅರ್ಥವಿಲ್ಲ. ವೈರಸ್ ಹುಡುಕುವುದಾದರೆ ಒಂದೇ ಜಾತಿ, ಒಂದೇ ಹಂತ, ಒಂದೇ ಜಾಗದವನ್ನು ಮಾತ್ರ ಒಟ್ಟುಗೂಡಿಸಿ ತಣ್ಣಗೆ ಸಾಗಿಸಬೇಕು. ದಾರಿಯಲ್ಲಿ ಒಮ್ಮೆ ಕರಗಿ ಮತ್ತೆ ಗಡ್ಡೆಕಟ್ಟಿದ ಮಾದರಿಯಲ್ಲಿ ವೈರಸ್‌ನ ಆರ್‌ಎನ್‌ಎ ಹಾಳಾಗಿ, ಪಿಸಿಆರ್ "ಇಲ್ಲ" ಅನ್ನುತ್ತದೆ. ಸುಳ್ಳು ಉತ್ತರ, ಆದರೆ ನೋಡಲು ನಿಜದ ಹಾಗೇ ಇರುತ್ತದೆ.

ಇದನ್ನು ನೀವೇ ಮಾಡಿ, ನೀವೇ ಬರೆದಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಜಾತಿ ಗುರುತಿಸಲು ಕಲಿತು, ಎಕ್ಸೆಲ್‌ಗೆ ನೀವೇ ಏರಿಸಿದರೆ ಅದು ತರಬೇತಿ. ಟ್ಯೂಬು ತುಂಬಿ ಜೀಪಿಗೆ ಕೊಟ್ಟು ಕೈಬೀಸಿ ಕಳಿಸುವುದಾದರೆ ಅದು ಕೂಲಿ. ಕೂಲಿ ಕೀಳು ಅಂತಲ್ಲ. ಆದರೆ ಅದು ನಿಮ್ಮನ್ನು ವಿಜ್ಞಾನಿ ಮಾಡುವುದಿಲ್ಲ, ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾಗಿ ಸಹಿ ಹಾಕುವ ಮುಂಚೆ ಕೇಳಿ. ನೇಮಕದ ಆದೇಶ ಲಿಖಿತದಲ್ಲಿ ಕೊಡುತ್ತಾರಾ? ಯೋಜನೆ ಯಾವ ತಿಂಗಳಿಗೆ ಮುಗಿಯುತ್ತದೆ? ಜ್ವರ ಬಂದರೆ ರಕ್ತ ಪರೀಕ್ಷೆ, ಆಸ್ಪತ್ರೆ ಖರ್ಚು, ರಜೆಯ ಸಂಬಳ ಯಾರದ್ದು? ವಿಮೆ ಇದೆಯಾ? ರಕ್ಷಣೆಯ ಬಟ್ಟೆ, ಬೂಟು, ಉಣುಗು ನಿವಾರಕ ಎಣ್ಣೆ ಅವರೇ ಕೊಡುತ್ತಾರಾ? ವಾರಕ್ಕೆ ಒಂದು ದಿನವಾದರೂ ಪ್ರಯೋಗಾಲಯದಲ್ಲಿ ಕೂರಿಸುತ್ತಾರಾ? ಪ್ರಬಂಧ ಬಂದಾಗ ನಿಮ್ಮ ಹೆಸರು ಕೃತಜ್ಞತೆಯ ಸಾಲಿನಲ್ಲೋ, ಲೇಖಕರ ಸಾಲಿನಲ್ಲೋ? ಕೊನೆಯ ಪ್ರಶ್ನೆಗೆ ಮುಖ ಗಂಟಿಕ್ಕಿದರೂ ಪರವಾಗಿಲ್ಲ, ಕೇಳಿ. ವಿನ್ಯಾಸ, ಸಂಗ್ರಹ, ವಿಶ್ಲೇಷಣೆ, ಬರವಣಿಗೆಯಲ್ಲಿ ನಿಜವಾದ ಪಾಲಿದ್ದವರಿಗೆ ಲೇಖಕರ ಜಾಗ. ಬರೀ ಸಂಗ್ರಹಿಸಿ ಕೊಟ್ಟವರಿಗೆ ಸಾಮಾನ್ಯವಾಗಿ ಕೃತಜ್ಞತೆ ಮಾತ್ರ. ಹಾಗಾಗಿ ಬೇಕಾದ್ದು ಹೆಸರು ಕೇಳಿ ಪಡೆಯುವುದಲ್ಲ, ವಿಶ್ಲೇಷಣೆಯಲ್ಲಿ ಪಾಲು ಕೇಳಿ ಪಡೆಯುವುದು.

ಈ ಕೆಲಸದ ದೊಡ್ಡ ಅಪಾಯ ಉಣುಗು ಅಲ್ಲ, ನವೀಕರಣ. 11 ತಿಂಗಳು 22 ಆಗುತ್ತದೆ, 33 ಆಗುತ್ತದೆ. ಸಂಬಳ ಅಲ್ಪಸ್ವಲ್ಪ ಏರುತ್ತದೆ, ಮನೆ ಆ ಹಣಕ್ಕೆ ಒಗ್ಗಿಕೊಳ್ಳುತ್ತದೆ, ಪುಸ್ತಕ ಮರೆಯುತ್ತದೆ. ಒಂದು ದಿನ ಯೋಜನೆ ಮುಗಿದಾಗ ಕೈಯಲ್ಲಿ ಅನುಭವ ಪತ್ರ ಇರುತ್ತದೆ, ಪದವಿ ಮಾತ್ರ ಅದೇ ಹಳೆಯ ಬಿ.ಎಸ್ಸಿ. ಇದು ಎಲ್ಲ ಯೋಜನಾ ಕೆಲಸಗಳ ಗುಣ.

ಎಂ.ಎಸ್ಸಿ. ಎಲ್ಲಿ, ಯಾವುದರಲ್ಲಿ

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ನಿಮಗೆ ಹತ್ತಿರ, ಖರ್ಚು ಕಡಿಮೆ. ಸೂಕ್ಷ್ಮಜೀವಿಶಾಸ್ತ್ರ, ಅನ್ವಯಿಕ ಪ್ರಾಣಿಶಾಸ್ತ್ರ ಎರಡೂ ಇವೆ. ವೈರಸ್, ಪಿಸಿಆರ್, ಎಲೈಸಾ (ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆ) ಕಡೆಗೆ ಮನಸ್ಸಿದ್ದರೆ ಮೊದಲನೆಯದು, ಉಣುಗು, ಮಂಗ, ಕಾಡಿನ ಕಡೆಗೆ ಮನಸ್ಸಿದ್ದರೆ ಎರಡನೆಯದು. ದೂರ ಹೋಗುವ ಧೈರ್ಯವಿದ್ದರೆ ಇನ್ನೆರಡು ಹೆಸರು ಬರೆದಿಟ್ಟುಕೊಳ್ಳಿ. ಪುದುಚೇರಿಯ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದಲ್ಲಿ, ಅಂದರೆ ವಿಸಿಆರ್‌ಸಿಯಲ್ಲಿ, ಸಾರ್ವಜನಿಕ ಆರೋಗ್ಯ ಕೀಟಶಾಸ್ತ್ರದ ಎರಡು ವರ್ಷದ ಎಂ.ಎಸ್ಸಿ. ಇದೆ, ಪದವಿ ಪಾಂಡಿಚೇರಿ ವಿಶ್ವವಿದ್ಯಾಲಯದ್ದು. ಸೊಳ್ಳೆ, ಉಣುಗು, ಮರಳುನೊಣಗಳನ್ನೇ ಕಸುಬು ಮಾಡಿಕೊಳ್ಳುವವರಿಗೆ ದೇಶದಲ್ಲಿ ಅಂಥ ಜಾಗ ಕಡಿಮೆ. ಪುಣೆಯ ಎನ್‌ಐವಿಯಲ್ಲಿ ವೈರಾಣುಶಾಸ್ತ್ರದ ಎಂ.ಎಸ್ಸಿ. ಇದೆ, ಪದವಿ ಪುಣೆ ವಿಶ್ವವಿದ್ಯಾಲಯದ್ದು. ಎರಡರಲ್ಲೂ ಸೀಟು ಬೆರಳೆಣಿಕೆ. ಪ್ರವೇಶದ ನಿಯಮ ವರ್ಷ ವರ್ಷ ಬದಲಾಗುತ್ತದೆ, ಆ ವರ್ಷದ ಪ್ರಕಟಣೆಯನ್ನೇ ನೋಡಿ, ಹಿಂದಿನ ಬ್ಯಾಚಿನವರ ಮಾತು ನಂಬಬೇಡಿ. 

ನಿಮ್ಮ ಪತ್ರ ಓದಿದರೆ ಒಲವು ಉಣುಗಿನ ಕಡೆಗೆ ಕಾಣುತ್ತದೆ. ನನ್ನ ಮತವೂ ಅದೇ. ಪಿಸಿಆರ್ ಕಲಿತವರು ಕೋವಿಡ್ ಆದಮೇಲೆ ಊರೂರಿಗೆ ಇದ್ದಾರೆ. ಉಣುಗಿನ ಮರಿಯನ್ನು ನೋಡಿ ಜಾತಿ ಹೇಳಬಲ್ಲವರು ಹುಡುಕಿದರೂ ಸಿಗುವುದು ಕಷ್ಟ.

ಎಂ.ಎಸ್ಸಿ.ಯ ಎರಡನೇ ವರ್ಷದಲ್ಲೇ ಸಿಎಸ್‌ಐಆರ್-ಯುಜಿಸಿ ನೆಟ್ ಬರೆಯಲು ಶುರುಮಾಡಿ; ಅದು ಸಂಶೋಧನಾ ಫೆಲೋಶಿಪ್ ಕೊಡಿಸುವ ಅರ್ಹತಾ ಪರೀಕ್ಷೆ. ಜೀವವಿಜ್ಞಾನದ ಪತ್ರಿಕೆ 3 ಗಂಟೆ, 200 ಅಂಕ. ಎ ಭಾಗದಲ್ಲಿ 20ರಲ್ಲಿ 15 ಪ್ರಶ್ನೆ, ಬಿ ಭಾಗದಲ್ಲಿ 50ರಲ್ಲಿ 35, ಎರಡಕ್ಕೂ ತಲಾ 2 ಅಂಕ. ಸಿ ಭಾಗದಲ್ಲಿ 75ರಲ್ಲಿ ಬರೀ 25 ಬರೆದರೆ ಸಾಕು, ತಲಾ 4 ಅಂಕ. ತಪ್ಪು ಉತ್ತರಕ್ಕೆ ಕಾಲು ಭಾಗ ಕಳೆಯುತ್ತಾರೆ. ಅರ್ಧ ಅಂಕ ಆ ಸಿ ಭಾಗದಲ್ಲೇ ಇದೆ ಎಂಬುದನ್ನು ಗಮನಿಸಿ. ಪಠ್ಯದಲ್ಲಿ 13 ಘಟಕ. ಎಲ್ಲವನ್ನೂ ಬರೀ ಮೇಲುಮೇಲೆ ಓದಿದವರು ಬಿ ಭಾಗದಲ್ಲಿ ತೇಲಿ ಸಿ ಭಾಗದಲ್ಲಿ ಮುಳುಗುತ್ತಾರೆ. ಐದಾರು ಘಟಕ ಆರಿಸಿ ತಳ ಮುಟ್ಟುವವರೆಗೆ ಓದಿ. ನಿಮಗೆ ರೋಗನಿರೋಧಕ ಶಕ್ತಿ, ಅಣುಜೀವಶಾಸ್ತ್ರ, ಪರಿಸರ ವಿಜ್ಞಾನ, ವಿಕಾಸ, ಪ್ರಯೋಗ ವಿಧಾನಗಳು ಒಗ್ಗುತ್ತವೆ. ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ, ಕನ್ನಡದಲ್ಲಿ ಇಲ್ಲ. ಎಂ.ಎಸ್ಸಿ.ಯಲ್ಲಿ ಪರಿಶಿಷ್ಟ ಪಂಗಡದವರಿಗೆ 50% ಇದ್ದರೆ ಸಾಕು, ಜೆಆರ್‌ಎಫ್‌ನ, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್‌ನ, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ ಇದೆ.

"ಮೀಸಲಾತಿಯಲ್ಲಿ ಬಂದವಳು" ಅನ್ನುವ ಮಾತು ಎಲ್ಲೋ ಒಂದು ಕಡೆ ಕಿವಿಗೆ ಬೀಳುತ್ತದೆ. ಮೀಸಲಾತಿ ಬಾಗಿಲವರೆಗೆ ಮಾತ್ರ. ಮಾದರಿ ಕೆಟ್ಟರೆ ಪಿಸಿಆರ್ ಯಂತ್ರ ಜಾತಿ ಕೇಳುವುದಿಲ್ಲ, ಪ್ರಬಂಧ ಪರಿಶೀಲಿಸುವವರಿಗೆ ನಿಮ್ಮ ಪ್ರಮಾಣಪತ್ರ ಕಾಣುವುದಿಲ್ಲ. ಅದರ ಮೇಲೆ ಇದಕ್ಕಿಂತ ಹೆಚ್ಚು ಹೊತ್ತು ಕಳೆಯಬೇಡಿ.

ದುಡ್ಡು

ಅಪ್ಪನ ಮುಂದೆ ಇಡಬೇಕಾದ್ದು ಈ ಲೆಕ್ಕ. ಎಂ.ಎಸ್ಸಿ.ಯ ಎರಡು ವರ್ಷ ನಿಜಕ್ಕೂ ಬಿಗಿ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಜೊತೆಗೆ ಪರಿಶಿಷ್ಟ ಪಂಗಡದ ವಿದ್ಯಾರ್ಥಿನಿಲಯಕ್ಕೆ ಅರ್ಜಿ, ಎರಡನ್ನೂ ಸೇರಿದ ವಾರವೇ ಹಾಕಿ. ಹಣ ಬರುವುದು ತಡವಾಗುತ್ತದೆ. ಮೊದಲ ಆರು ತಿಂಗಳ ಊಟ, ಬಸ್ಸು, ಪುಸ್ತಕದ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಹೋಗಬೇಕು. ಪಿಎಚ್‌.ಡಿ. ಹೊತ್ತಿಗೆ ಚಿತ್ರ ಬದಲಾಗುತ್ತದೆ. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) 42,000, ಮೇಲೆ ಮನೆ ಬಾಡಿಗೆ ಭತ್ಯೆ. ಒಟ್ಟು 5 ವರ್ಷ. ಈಗ ಬರುವ 18,000ಕ್ಕಿಂತ ಎರಡು ಪಟ್ಟು, ಓದುತ್ತಲೇ.

ನೆಟ್ ಆಗದಿದ್ದರೂ ಇನ್ನೊಂದು ಬಾಗಿಲಿದೆ. ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯ ಪಿಎಚ್‌.ಡಿ.ಗೆ ವರ್ಷಕ್ಕೆ 750 ರಾಷ್ಟ್ರೀಯ ಫೆಲೋಶಿಪ್ ಕೊಡುತ್ತದೆ. ಅದಕ್ಕೆ ನೆಟ್ ಕಡ್ಡಾಯವಲ್ಲ, ಸ್ನಾತಕೋತ್ತರ ಅಂಕ ನೋಡುತ್ತಾರೆ. ಹಾಗಾಗಿ ಎಂ.ಎಸ್ಸಿ.ಯಲ್ಲಿ "ಪಾಸಾದರೆ ಸಾಕು" ಅನ್ನುವ ಮನಸ್ಸು ಬೇಡ. ಅದೇ ಸಚಿವಾಲಯದಿಂದ ವಿದೇಶದ ಸ್ನಾತಕೋತ್ತರ, ಪಿಎಚ್‌.ಡಿ.ಗೆ ವರ್ಷಕ್ಕೆ 20 ವಿದ್ಯಾರ್ಥಿವೇತನವೂ ಇದೆ. ಆದರೆ ಅದು ಈಗಿನ ಮಾತಲ್ಲ.

ಇದೆಲ್ಲ ನಿಂತಿರುವುದು ಒಂದು ಕಾಗದದ ಮೇಲೆ. ಜಾತಿ ಪ್ರಮಾಣಪತ್ರದಲ್ಲಿ ಸಮುದಾಯದ ಹೆಸರು ಸರ್ಕಾರದ ಪಟ್ಟಿಯಲ್ಲಿ ಇರುವ ಹಾಗೆಯೇ "ಹಸಲರು" ಅಂತ ಇರಬೇಕು. ಶಾಲೆಯ ದಾಖಲೆಯಲ್ಲಿ ಒಂದು, ಅಪ್ಪನ ದಾಖಲೆಯಲ್ಲಿ ಇನ್ನೊಂದು ರೂಪ ಇದ್ದರೆ ಈಗಲೇ ನಾಡಕಚೇರಿಯಲ್ಲಿ ಸರಿಮಾಡಿಸಿ. ಕೇಂದ್ರ ಸಂಸ್ಥೆಗಳಿಗೆ ಕೇಂದ್ರದ ನಮೂನೆಯ ಪ್ರಮಾಣಪತ್ರ ಬೇರೆ ಬೇಕು. ಜಾತಿ ಪ್ರಮಾಣಪತ್ರ ನಿಜ ಎಂದು ದೃಢಪಡಿಸುವ ಸಿಂಧುತ್ವ ಪ್ರಮಾಣಪತ್ರಕ್ಕೆ ಸಮಿತಿ ವಿಚಾರಣೆ ನಡೆಸುವುದರಿಂದ ತಿಂಗಳುಗಟ್ಟಲೆ ಹಿಡಿಯುತ್ತದೆ. ಸಂದರ್ಶನದ ಪತ್ರ ಬಂದ ಮೇಲೆ ಓಡಾಡಿದರೆ ಸೀಟು ಕೈತಪ್ಪುತ್ತದೆ. ಅಂದ ಹಾಗೆ, ಕಾಡಂಚಿನ ಸಮುದಾಯಗಳೆಲ್ಲ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇಲ್ಲ. ಉತ್ತರ ಕನ್ನಡದ ಸಿದ್ದಿಗಳು ಸೇರಿದ್ದು 2003ರಲ್ಲಿ. ಅದೇ ಕಾಡಿನ ಹಾಲಕ್ಕಿ, ಕುಣಬಿ ಸಮುದಾಯದವರು ಇನ್ನೂ ಕೇಳುತ್ತಲೇ ಇದ್ದಾರೆ. ನಿಮ್ಮ ಗೆಳತಿಯರಿಗೆ ಈ ಉತ್ತರ ತೋರಿಸುವುದಾದರೆ ಅದನ್ನು ನೆನಪಿಡಿ.

ಗೈಡ್ ಹುಡುಕುವಾಗ ಒಂದು ಎಚ್ಚರ. ಫೆಲೋಶಿಪ್ ಸಿಕ್ಕಿತೆಂದರೆ ಪಿಎಚ್‌.ಡಿ. ಸೀಟು ಸಿಕ್ಕಿತು ಅಂತಲ್ಲ. ಒಬ್ಬರು ನಿಮ್ಮನ್ನು ತೆಗೆದುಕೊಳ್ಳಬೇಕು, ಒಂದು ವಿಶ್ವವಿದ್ಯಾಲಯ ನೋಂದಾಯಿಸಿಕೊಳ್ಳಬೇಕು. ಎನ್‌ಐವಿಯ ಬೆಂಗಳೂರು ಘಟಕ, ಬೆಳಗಾವಿಯ ಐಸಿಎಂಆರ್ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆಯ ಸಾಂಕ್ರಾಮಿಕ ರೋಗ ಸಂಶೋಧನಾ ಕೇಂದ್ರ, ಬುಡಕಟ್ಟು ಆರೋಗ್ಯಕ್ಕೇ ಮೀಸಲಾದ ಜಬಲ್ಪುರದ ಐಸಿಎಂಆರ್ ಸಂಸ್ಥೆ ಇವೆಲ್ಲ ನೋಡಬಹುದಾದ ಜಾಗಗಳು. ಗೈಡ್ ಎಷ್ಟು ದೊಡ್ಡ ಹೆಸರು ಅಂತ ನೋಡಬೇಡಿ. ಅವರ ಹಿಂದಿನ ಮೂವರು ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ, ಅವರ ಹೆಸರಲ್ಲಿ ಪ್ರಬಂಧ ಬಂದಿದೆಯಾ, ಇಷ್ಟು ತಿಳಿದುಕೊಳ್ಳಿ. ಆ ವಿದ್ಯಾರ್ಥಿಗಳಿಗೇ ಫೋನ್ ಮಾಡಿ ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಇಂಗ್ಲಿಷ್ ಬಗ್ಗೆ ಹೆಚ್ಚು ಹೇಳಲಾರೆ. ಓದಲು ಬರುತ್ತದೆ ಅಂದಿರಿ, ಕಷ್ಟದ ಅರ್ಧ ಮುಗಿದಿದೆ. ಮಂಗನ ಕಾಯಿಲೆಯ ಮೇಲಿನ ಒಂದು ಪ್ರಬಂಧವನ್ನು ವಾರಕ್ಕೆ ಒಂದರಂತೆ ಓದಿ, ಅವರ ಪ್ರಶ್ನೆ ಏನು, ಹೇಗೆ ಹುಡುಕಿದರು, ಏನು ಸಿಕ್ಕಿತು, ಏನನ್ನು ನಂಬಲಾಗದು ಎಂದು ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಜೋರಾಗಿ ಹೇಳಿ. ಸಂದರ್ಶನದಲ್ಲಿ ಕೇಳುವುದೂ ಈ ನಾಲ್ಕನ್ನೇ.

ನಮ್ಮಂಥವರು ಹೋಗಿದ್ದಾರಾ ಎಂದು ಕೇಳಿದಿರಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಸಮುದಾಯದ ಸಿ. ಮಾದೇಗೌಡರು ಪಿಎಚ್‌.ಡಿ. ಮಾಡಿ ಸಂಶೋಧನೆಯಲ್ಲಿದ್ದಾರೆ. ಅವರ ವಿಷಯ ಕಾಡು ಮತ್ತು ಸೋಲಿಗರ ಬದುಕು, ವೈರಸ್ ಅಲ್ಲ. ಸಾಂಕ್ರಾಮಿಕ ರೋಗದಲ್ಲಿ ಹೊರದೇಶದ ಒಬ್ಬರ ಹೆಸರು ಹೇಳುವುದಾದರೆ ಆಸ್ಟ್ರೇಲಿಯಾದ ಜೇಮ್ಸ್ ವಾರ್ಡ್. ಪಿಟ್ಜಂಟ್ಜಾಟ್ಜರಾ ಮತ್ತು ನುಕುನು ಮೂಲದವರು, ಸಾಂಕ್ರಾಮಿಕ ರೋಗಶಾಸ್ತ್ರದ ಪ್ರಾಧ್ಯಾಪಕರು. ದೂರದ ಮೂಲನಿವಾಸಿ ಹಟ್ಟಿಗಳಲ್ಲಿ ರೋಗ ತಡೆಯುವ ಕೆಲಸವನ್ನೇ ಮುಖ್ಯ ಮಾಡಿಕೊಂಡವರು.

ನಿಮಗೆ ಇನ್ನೂ ಹತ್ತಿರವಾಗಬಹುದಾದ ಒಂದು ಪ್ರಸಂಗ ಅಮೆರಿಕದ್ದು. ಅದು ಉಷ್ಣವಲಯವಲ್ಲ, ಆದರೆ ಪ್ರಾಣಿಯಿಂದ ಬರುವ ವೈರಸ್ಸೇ. 1993ರಲ್ಲಿ ನವಾಹೋ ಜನರ ಸೀಮೆಯಲ್ಲಿ ಗಟ್ಟಿಮುಟ್ಟಾದ ಯುವಕರು ಉಸಿರು ಕಟ್ಟಿ ಸಾಯತೊಡಗಿದರು. ಪತ್ರಿಕೆಗಳು ಅದಕ್ಕೆ "ನವಾಹೋ ಫ್ಲೂ" ಅಂತ ಹೆಸರಿಟ್ಟು ಜನರನ್ನೇ ಅಂಟುರೋಗದವರನ್ನಾಗಿ ಮಾಡಿಬಿಟ್ಟವು. ಆಗ ಅದೇ ಸಮುದಾಯದ ವೈದ್ಯ ಬೆನ್ ಮುನೆಟಾ ಹಿರಿಯರ ಬಳಿ ಹೋಗಿ ಕೇಳಿದರು. ಮಳೆ ಹೆಚ್ಚಾಗಿ ಪಿನ್ಯೋನ್ ಎಂಬ ಪೈನ್ ಮರದ ಕಾಯಿ ವಿಪರೀತ ಬಿಟ್ಟ ವರ್ಷ ಇಲಿ ಹೆಚ್ಚುತ್ತವೆ, ಆಗ ಇಂಥ ಸಾವು ಹಿಂದೆಯೂ ಆಗಿದೆ ಎಂಬ ನೆನಪು ಹಿರಿಯರಲ್ಲಿತ್ತು. ಪ್ರಯೋಗಾಲಯ ಕಂಡುಹಿಡಿದದ್ದು ಇಲಿಯಿಂದ ಬರುವ ಹಂಟಾವೈರಸ್. ಹಿರಿಯರ ನೆನಪು ಪಿಸಿಆರ್‌ಗೆ ಬದಲಿ ಆಗಲಿಲ್ಲ, ಎಲ್ಲಿ ಹುಡುಕಬೇಕು ಎಂಬುದಕ್ಕೆ ಬಲ ಕೊಟ್ಟಿತು. ಎರಡೂ ಭಾಷೆ ಬಲ್ಲ ಒಬ್ಬರು ಮಧ್ಯೆ ಇದ್ದದ್ದರಿಂದ ಅದು ದಾಖಲಾಯಿತು.

ಆ ಮಧ್ಯದ ಜಾಗ ಸುಲಭದ್ದಲ್ಲ, ಅದನ್ನೂ ಹೇಳಬೇಕು. ನೀವು ಸಂಶೋಧಕಿ ಆಗಿ ಊರಿಗೆ ಬಂದಾಗ ಜನ ರಕ್ತ ಕೊಡುವುದು ಯೋಜನೆಯನ್ನು ನಂಬಿ ಅಲ್ಲ, ನಿಮ್ಮನ್ನು ನಂಬಿ. ಅಮೆರಿಕದ ಹವಸುಪಾಯ್ ಬುಡಕಟ್ಟಿನವರು ಸಕ್ಕರೆ ಕಾಯಿಲೆಯ ಅಧ್ಯಯನ ಎಂದು 1990ರ ಸುಮಾರಿಗೆ ರಕ್ತ ಕೊಟ್ಟರು. ಅದನ್ನು ಮುಂದೆ ಅವರಿಗೆ ಹೇಳದೆ ಮಾನಸಿಕ ಕಾಯಿಲೆ, ವಲಸೆಯ ಮೂಲ ಮುಂತಾದ ಬೇರೆ ಅಧ್ಯಯನಗಳಿಗೆ ಬಳಸಿದರು. ವ್ಯಾಜ್ಯ ಮುಗಿದದ್ದು 2010ರಲ್ಲಿ, 7 ಲಕ್ಷ ಡಾಲರ್ ಪರಿಹಾರ ಮತ್ತು ಉಳಿದ ಮಾದರಿಗಳ ವಾಪಸಾತಿಯೊಂದಿಗೆ. ನಮ್ಮಲ್ಲಿ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ಬುಡಕಟ್ಟು ಜನರಿಗೆ ವಿಶೇಷ ರಕ್ಷಣೆ ಬೇಕು ಎನ್ನುತ್ತದೆ. ಒಪ್ಪಿಗೆ ಪತ್ರ ಕನ್ನಡದಲ್ಲಿ ಇದೆಯಾ, ಓದಿ ಹೇಳಿದರಾ, ಮಾದರಿ ಎಷ್ಟು ವರ್ಷ ಇಡುತ್ತಾರೆ, ಬೇರೆ ಕೆಲಸಕ್ಕೆ ಬಳಸುವ ಮುಂಚೆ ಮತ್ತೆ ಕೇಳುತ್ತಾರಾ, ಫಲಿತಾಂಶ ಜನರಿಗೆ ತಿಳಿಸುತ್ತಾರಾ? ಫೀಲ್ಡ್ ಅಸಿಸ್ಟೆಂಟ್ ಆಗಿ ಸೇರಿದರೂ ಮೊದಲ ದಿನವೇ ಇದನ್ನು ಕೇಳುವ ಹಕ್ಕು ನಿಮಗಿದೆ. "ನೀನು ಹೇಳಿದರೆ ಜನ ಕೊಡ್ತಾರೆ, ಕೇಳು" ಎಂದು ಒತ್ತಾಯಿಸುವ ತಂಡವಾದರೆ ಹಿಂದೆ ಸರಿಯಿರಿ.

ಕೊನೆಗೆ ಅಮ್ಮನ ಭಯ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ನಿಮಗೆ ಬಂದರೂ ನಿಮ್ಮಿಂದ ಮನೆಯವರಿಗೆ ಬಾರದು. ಬರಬಹುದಾದ್ದು ಬಟ್ಟೆಗೆ ಹತ್ತಿದ ಉಣುಗು. ಅದು ಈಗ ನಿಮ್ಮ ಅಮ್ಮನ ದರಕಿನ ಹೊರೆಯಲ್ಲೇ ಬರುತ್ತಿರಬಹುದು. ಹಾಗೆ ನೋಡಿದರೆ ತರಬೇತಿ ಇಲ್ಲದೆ, ಎಣ್ಣೆ ಹಚ್ಚದೆ ಕಾಡಿಗೆ ಹೋಗುವ ಅವರಿಗೇ ಅಪಾಯ ಹೆಚ್ಚು. ಇಬ್ಬರಿಗೂ ಅನ್ವಯಿಸುವ ಕ್ರಮ ಒಂದೇ. ತಿಳಿ ಬಣ್ಣದ ಮೈತುಂಬ ಬಟ್ಟೆ, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಆರೋಗ್ಯ ಇಲಾಖೆ ಕೊಡುವ ಡೇಪಾ ಎಂಬ ಉಣುಗು ನಿವಾರಕ ಎಣ್ಣೆ ಕೈಕಾಲು, ಕುತ್ತಿಗೆಗೆ. ಬಂದ ಕೂಡಲೇ ಬಟ್ಟೆ ಬಿಚ್ಚಿ ಕುದಿಯುವಷ್ಟು ಬಿಸಿ ನೀರಿಗೆ, ಆಮೇಲೆ ಬಿಸಿ ನೀರಿನ ಸ್ನಾನ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ಕೈಯಾಡಿಸಿ ನೋಡುವುದು. ಕಚ್ಚಿದ ಉಣುಗನ್ನು ಉಗುರಲ್ಲಿ ಹಿಸುಕದೆ ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆಯುವುದು. ಸತ್ತ ಮಂಗವನ್ನು ಯಾರೂ ಮುಟ್ಟಬಾರದು, ನೀವು ಕೆಲಸಕ್ಕೆ ಸೇರಿದ್ದರೂ ಮುಟ್ಟಬಾರದು. 2012ರಲ್ಲಿ ಬಂಡೀಪುರದ ಕಡೆ ಸತ್ತ ಮಂಗಗಳ ವಿಲೇವಾರಿ ಮಾಡಿದ ಕೆಲಸಗಾರರಿಗೇ ಕಾಯಿಲೆ ಬಂದಿತ್ತು. ಅದು ತರಬೇತಾದ ಪಶುವೈದ್ಯರ ಕೆಲಸ.

ಪ್ರಯೋಗಾಲಯದ ಅಪಾಯ ಬೇರೆ ತರಹದ್ದು. ಜೀವಂತ ವೈರಸ್ಸನ್ನು ನಮ್ಮಲ್ಲಿ ಬಿಎಸ್‌ಎಲ್-3 ಮಟ್ಟದ ಸುರಕ್ಷಿತ ಕೊಠಡಿಯಲ್ಲೇ ಬೆಳೆಸಬೇಕು. ಹಿಂದಿನ ಕಾಲದಲ್ಲಿ ಪ್ರಯೋಗಾಲಯದವರಿಗೂ ಈ ಸೋಂಕು ತಗುಲಿದ್ದುಂಟು. ಹೊಸ ವಿದ್ಯಾರ್ಥಿಗಳನ್ನು ಅಲ್ಲಿಗೆ ಬಿಡುವುದಿಲ್ಲ, ನಿಷ್ಕ್ರಿಯಗೊಳಿಸಿದ ಮಾದರಿಯ ಮೇಲೆ ಮೊದಲು ಕೈ ಪಳಗಬೇಕು. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿದೆ, ಹಾಗಾಗಿ "ಲಸಿಕೆ ಹಾಕಿಸಿಕೊಂಡರೆ ಆಯಿತು" ಎಂದು ಯಾರಾದರೂ ಹೇಳಿದರೆ ಅವರ ಮಾಹಿತಿ ಹಳೆಯದು. ಕಾಡಿಗೆ ಹೋಗಿಬಂದ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಚಳಿಜ್ವರ, ಹಣೆನೋವು, ಮೈಕೈ ಸೆಳೆತ ಬಂದರೆ ಆವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಾಡಿಗೆ ಹೋಗಿದ್ದನ್ನು ಹೇಳಿ. ಮೊದಲ ದಿನಗಳಲ್ಲಿ ಪಿಸಿಆರ್ ಹಿಡಿಯುತ್ತದೆ, ವಾರ ಕಳೆದ ಮೇಲೆ ಐಜಿಎಂ ಎಲೈಸಾ ಬೇಕಾಗುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೇನ್ ತಂದು ನುಂಗಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಆದೀತು. ಅಮ್ಮನಿಗೂ ಇದನ್ನೇ ಹೇಳಿ, ಡೇಪಾ ಬಾಟಲಿಯನ್ನು ದರಕಿನ ಕಲ್ಲಿಯ (ಬಲೆಚೀಲದ) ಜೊತೆಗೇ ನೇತುಹಾಕಿಡಿ.